ಭೂಕಂಪ ಅಷ್ಟು ದೂರ, ಕಟ್ಟಡ ಬಿದ್ದದ್ದು ಇಲ್ಲಿ. ಹೇಗೆ?

ಮಣ್ಣು ಪರೀಕ್ಷೆ ನನ್ನ ಕಸುಬು ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಇದನ್ನೇ: "ಭೂಕಂಪದ ಕೇಂದ್ರ ಎಲ್ಲೋ ನೂರಾರು ಕಿಲೋಮೀಟರ್ ಆಚೆ ಇರತ್ತೆ. ಅಷ್ಟು ದೂರದ ಊರಲ್ಲಿ ಕಟ್ಟಡ ಯಾಕೆ ಬೀಳತ್ತೆ ಸಾರ್? ಕಂಟ್ರಾಕ್ಟರ್ ಸಿಮೆಂಟ್ ನುಂಗಿರ್ತಾನೆ, ಅಲ್ವಾ?"

ನುಂಗಿಲ್ಲ ಅಂತ ನಾನು ಹೇಳಲಾರೆ. ಆದರೆ ಅದಕ್ಕೂ ಮೊದಲು ಊರಿನ ಅಡಿಯಲ್ಲಿ ಏನಿದೆ ಅಂತ ನೋಡಬೇಕು. ಇದಕ್ಕೆ ಮೆಕ್ಸಿಕೋ ಸಿಟಿಯಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ.

1985ರ ಸೆಪ್ಟೆಂಬರ್ 19ರ ಬೆಳಿಗ್ಗೆ ಪೆಸಿಫಿಕ್ ಕರಾವಳಿಯ ಮಿಚೊವಕಾನ್ ಬಳಿ 8.0 ತೀವ್ರತೆಯ ಭೂಕಂಪವಾಯಿತು. ರಾಜಧಾನಿ ಅಲ್ಲಿಂದ ಸುಮಾರು 350 ಕಿ.ಮೀ. ದೂರ. ಅಲ್ಲಿಗೆ ಬರುವ ಹೊತ್ತಿಗೆ ಅಲೆ ಸುಸ್ತಾಗಿರಬೇಕು. ಆಗಿತ್ತು ಕೂಡ. ಊರಿನ ದಕ್ಷಿಣದಲ್ಲಿ, ಲಾವಾ ಬಂಡೆಯ ಮೇಲಿರುವ ವಿಶ್ವವಿದ್ಯಾಲಯದ ಆವರಣದಲ್ಲಿ ದಾಖಲಾದ ನಡುಕ ಗುರುತ್ವದ ಶೇ 3-4ರಷ್ಟು. ಅಲ್ಲಿಂದ ಕೆಲವೇ ಕಿಲೋಮೀಟರ್ ಆಚೆ, ಸಾರಿಗೆ ಇಲಾಖೆಯ ಜಾಗದಲ್ಲಿದ್ದ ಉಪಕರಣದಲ್ಲಿ ಸುಮಾರು ಶೇ 17. ಅದೇ ಭೂಕಂಪ, ಅದೇ ಊರು, ಐದು ಪಟ್ಟು ವ್ಯತ್ಯಾಸ. ಸತ್ತವರು ಸಾವಿರಾರು ಜನ.

ಆಟ ಆಡಿಸಿದ್ದು ಮಣ್ಣು. ಊರಿನ ನಡುಭಾಗ ನಿಂತಿರುವುದು ತೆಶ್ಕೋಕೊ ಎಂಬ ಸರೋವರದ ತಳದ ಮೇಲೆ. ಅಜ್ಟೆಕರು ಅದರ ನಡುವಿನ ದ್ವೀಪದಲ್ಲಿ ಊರು ಕಟ್ಟಿದ್ದರು. ಆಮೇಲೆ ಬಂದ ಸ್ಪೇನಿನವರು ನೀರನ್ನು ಹೊರಗೆ ಹರಿಸತೊಡಗಿದರು. ಉಳಿದದ್ದು ಜೇಡಿಮಣ್ಣು. ಅದರಲ್ಲಿ ಗಟ್ಟಿ ಪದಾರ್ಥಕ್ಕಿಂತ ನೀರೇ ಜಾಸ್ತಿ. ಬೋರ್ ತೆಗೆದು ಮಣ್ಣು ನೋಡುವಾಗ ನಾವು 63.5 ಕೆ.ಜಿ. ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬಿಟ್ಟು, ಕೊಳವೆ 30 ಸೆಂ.ಮೀ. ಇಳಿಯಲು ಎಷ್ಟು ಪೆಟ್ಟು ಬೇಕು ಅಂತ ಎಣಿಸುತ್ತೇವೆ. ಗಟ್ಟಿ ಮಣ್ಣಲ್ಲಿ ಇಪ್ಪತ್ತು, ಮೂವತ್ತು ದಾಟುವುದು ಮಾಮೂಲು. ಆ ಜೇಡಿಯಲ್ಲಿ ಒಂದೋ ಎರಡೋ. ಕೆಲವು ಕಡೆ ಹೊಡೆಯುವುದೇ ಬೇಡ, ಸುಮ್ನೆ ಇಟ್ಟರೂ ಇಳಿಯುತ್ತದೆ.

ಇಂಥ ಮಣ್ಣಿಗೆ ತನ್ನದೇ ಒಂದು ತೂಗಾಟದ ಅವಧಿ ಇದೆ, ಅಂದರೆ ಒಂದು ಸಲ ಆ ಕಡೆ ಈ ಕಡೆ ತೂಗಿ ವಾಪಸ್ ಬರಲು ಹಿಡಿಯುವ ಹೊತ್ತು. ಲೆಕ್ಕ ಸುಲಭ. ಪದರದ ದಪ್ಪವನ್ನು ನಾಲ್ಕರಿಂದ ಗುಣಿಸಿ, ಅಡ್ಡಡ್ಡ ಅಲುಗಿಸುವ ಅಲೆ ಅದರೊಳಗೆ ಹೋಗುವ ವೇಗದಿಂದ ಭಾಗಿಸಿ. 40 ಮೀಟರ್ ದಪ್ಪ, ಸೆಕೆಂಡಿಗೆ 80 ಮೀಟರ್ ವೇಗ ಅಂದರೆ 2 ಸೆಕೆಂಡ್. ದೂರದಿಂದ ಬರುವ ಅಲೆಯಲ್ಲಿ ಚುರುಕು ನಡುಕವೆಲ್ಲ ದಾರಿಯಲ್ಲೇ ಸತ್ತು ನಿಧಾನದ್ದು ಉಳಿದಿರುತ್ತದೆ. ಅದು ಈ ಜೇಡಿಗೆ ಸಿಕ್ಕಿದರೆ, ಜೋಕಾಲಿಗೆ ಸರಿಯಾದ ಹೊತ್ತಿಗೆ ಕೈ ಕೊಟ್ಟ ಹಾಗೆ. ಕಟ್ಟಡಕ್ಕೂ ಇಂಥದ್ದೊಂದು ಅವಧಿ ಇರುತ್ತದೆ; ಒರಟು ಲೆಕ್ಕದಲ್ಲಿ ಮಹಡಿಗೆ 0.1 ಸೆಕೆಂಡ್. ಹತ್ತು ಮಹಡಿಯದು ಒಂದು ಸೆಕೆಂಡಿನಲ್ಲಿ ಶುರುವಾಗಿ, ಬಿರುಕು ಬಿಟ್ಟು ಸಡಿಲವಾಗುತ್ತಾ 2 ಸೆಕೆಂಡಿನ ಕಡೆಗೇ ಜಾರುತ್ತದೆ. ಅವತ್ತು ಜಾಸ್ತಿ ಪೆಟ್ಟು ತಿಂದದ್ದು ಇಂಥವೇ, ಸುಮಾರು 6ರಿಂದ 15 ಮಹಡಿಯವು. ಅಲ್ಲೇ ನಡುವೆ ಇದ್ದ 44 ಮಹಡಿಯ ಲಾಟಿನೊಅಮೆರಿಕಾನಾ ಗೋಪುರ ನಿಂತೇ ಇತ್ತು.

ಈ ಅವಧಿಯನ್ನು ಅಳೆಯಲು ಭೂಕಂಪಕ್ಕೆ ಕಾಯಬೇಕಾಗಿಲ್ಲ. ಬಸ್ಸು, ಗಾಳಿ, ದೂರದ ಸಮುದ್ರ, ಇವುಗಳಿಂದ ನೆಲ ಯಾವಾಗಲೂ ಸಣ್ಣಗೆ ನಡುಗುತ್ತಿರುತ್ತದೆ. ಮೂರು ದಿಕ್ಕಿನ ಅಲುಗಾಟ ಹಿಡಿಯುವ ಪುಟ್ಟ ಉಪಕರಣವನ್ನು ನೆಲದ ಮೇಲಿಟ್ಟು, ಗುಳ್ಳೆ ಮಧ್ಯಕ್ಕೆ ಬರುವಂತೆ ಮಟ್ಟ ಮಾಡಿ ಅರ್ಧ ಗಂಟೆ ಬಿಡಬೇಕು. ಅಡ್ಡ ನಡುಕವನ್ನು ಮೇಲೆ-ಕೆಳಗಿನ ನಡುಕದಿಂದ ಭಾಗಿಸಿ ಗ್ರಾಫ್ ಹಾಕಿದರೆ ಒಂದು ಕಡೆ ಗೆರೆ ಎದ್ದು ನಿಲ್ಲುತ್ತದೆ. ಅದೇ ಆ ಜಾಗದ ಅವಧಿ. (ಯಾರಾದರೂ "ಏನ್ ಸಾರ್ ಇದು, ನೀರು ನೋಡ್ತಿದ್ದೀರಾ?" ಅಂತ ಪಕ್ಕಕ್ಕೇ ಬಂದು ನಿಂತರೆ ಮತ್ತೆ ಮೊದಲಿಂದ.) ಬೋರ್ ಖರ್ಚು ಉಳಿಸಲು ಇದೊಂದನ್ನೇ ನಂಬುವವರ ಜೊತೆ ನನಗೆ ತಕರಾರಿದೆ. ಅವಧಿ ಎಷ್ಟು ಅಂತ ಇದು ಚೆನ್ನಾಗಿ ಹೇಳುತ್ತದೆ. ನಡುಕ ಎಷ್ಟು ಪಟ್ಟು ಹಿಗ್ಗುತ್ತದೆ ಅನ್ನುವುದಕ್ಕೆ ಇದನ್ನು ನೆಚ್ಚಿಕೊಳ್ಳುವಂತಿಲ್ಲ.

ಹಾಗಂತ ಸರೋವರದ ಮಣ್ಣಿದ್ದರೆ ಎಲ್ಲ ಬಿದ್ದೇ ಬೀಳುತ್ತದೆ ಅಂತಲ್ಲ. ಕಠ್ಮಂಡು ಕಣಿವೆಯಲ್ಲೂ ಹಳೆಯ ಸರೋವರದ ಹೂಳಿದೆ, ಕೆಲವೆಡೆ 500 ಮೀಟರಿಗೂ ಆಳ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಅದು 4-5 ಸೆಕೆಂಡಿನ ಲಯದಲ್ಲಿ ತೂಗಿತು. ಧರಹರಾ ಗೋಪುರ ಬಿತ್ತು, ಹಳೆಯ ದೇವಾಲಯಗಳು ಬಿದ್ದವು. ಮೂರು-ನಾಲ್ಕು ಮಹಡಿಯ ಸಾಮಾನ್ಯ ಮನೆಗಳ ಪೈಕಿ ಮಾತ್ರ, 7.8 ತೀವ್ರತೆಗೆ ತಜ್ಞರು ಹೆದರಿದ್ದಕ್ಕಿಂತ ಎಷ್ಟೋ ಜಾಸ್ತಿ ಉಳಿದವು. ಆ ನಿಧಾನದ ಲಯ ಅವುಗಳಿಗೆ ಹೊಂದಲಿಲ್ಲ.

ಇನ್ನು ಮೆಕ್ಸಿಕೋದಲ್ಲೇ 2017ರಲ್ಲಿ, ಅದೇ ಸೆಪ್ಟೆಂಬರ್ 19ರಂದು, ಸುಮಾರು 120 ಕಿ.ಮೀ. ದೂರದಲ್ಲಿ 7.1 ತೀವ್ರತೆಯದು ಆಯಿತು. ಹತ್ತಿರದ್ದಾದ್ದರಿಂದ ಚುರುಕು ನಡುಕ ಉಳಿದುಕೊಂಡಿತ್ತು. ಸರಿ, ಈ ಸಲ ಪೆಟ್ಟು ಬಿದ್ದದ್ದು ಸರೋವರದ ಅಂಚಿನಲ್ಲಿ, ಜೇಡಿ ತೆಳುವಾಗಿರುವ ಬೀದಿಗಳ ಗಿಡ್ಡ ಕಟ್ಟಡಗಳಿಗೆ. ಸಾಲದ್ದಕ್ಕೆ ಅಂತರ್ಜಲ ಎತ್ತಿ ಎತ್ತಿ ಆ ಊರು ಕುಸಿಯುತ್ತಲೇ ಇದೆ. ಜೇಡಿ ಹಿಂಡಿಕೊಂಡು ಗಟ್ಟಿಯಾದಂತೆ ಅದರ ಅವಧಿಯೂ ಕಮ್ಮಿಯಾಗುತ್ತದೆ. ಯಾವ ಜಾಗದ ಅವಧಿ ಎಷ್ಟು ಅಂತ ತೋರಿಸುವ ಹಳೆಯ ನಕ್ಷೆ ಹಳತೇ ಆಗುತ್ತದೆ.

ಬೆಂಗಳೂರಿನವರು "ನಮ್ಮ ಕಥೆ?" ಅನ್ನುತ್ತಾರೆ. ನಮ್ಮ ಕೆಳಗೆ ಇಂಥ ಜೇಡಿ ತುಂಬಿದ ಬೋಗುಣಿ ಇಲ್ಲ, ಹಳೆಯ ಗಟ್ಟಿ ಕಲ್ಲಿದೆ. ಆದರೆ ಧರ್ಮಾಂಬುಧಿ ಕೆರೆಯ ಮೇಲೆ ಮೆಜೆಸ್ಟಿಕ್ ಬಸ್ ನಿಲ್ದಾಣ ಎದ್ದ ಹಾಗೆ, ಮುಚ್ಚಿದ ಕೆರೆಗಳು ಬೇಕಾದಷ್ಟಿವೆ. 5 ಮೀಟರ್ ತುಂಬು ಮಣ್ಣು, ಸೆಕೆಂಡಿಗೆ 150 ಮೀಟರ್ ವೇಗ ಅಂತ ಇಟ್ಟುಕೊಂಡರೆ ಅವಧಿ 0.13 ಸೆಕೆಂಡ್. ಒಂದೆರಡು ಮಹಡಿಯ ಮನೆಯ ಅವಧಿಯೂ ಹೆಚ್ಚುಕಡಿಮೆ ಅಷ್ಟೇ. ಸೈಟು ಕೆರೆ ಅಂಗಳದ್ದಾದರೆ ಬೋರ್ ರಿಪೋರ್ಟ್ ಕೇಳಿ ಪಡೆಯಿರಿ, ತುಂಬು ಮಣ್ಣು ಎಷ್ಟು ಆಳಕ್ಕಿದೆ ಅನ್ನುವ ಸಾಲನ್ನು ಮೊದಲು ಓದಿ.