ಗಣೇಶಗುಡಿ: ಹಗಲು ಹಕ್ಕಿ, ರಾತ್ರಿ ಪತಂಗ, ನಡುವೆ ಡಿಜೆ

ದಾಂಡೇಲಿ ಹತ್ತಿರದ ಗಣೇಶಗುಡಿಯಲ್ಲಿ ರೂಮು ಹಿಡಿಯುವಾಗ ಎಸಿ, ಬಿಸಿನೀರು ಅಂತೆಲ್ಲ ವಿಚಾರಿಸುವುದು ಆಮೇಲೆ. ಅಂಗಳದ ದೀಪ ಎಷ್ಟು ಹೊತ್ತಿಗೆ ಆರಿಸುತ್ತೀರಿ ಅಂತ ಮೊದಲು ಕೇಳಿ. 'ಕಾಡಿನ ನಡುವೆ ಪ್ರಶಾಂತ ವಾಸ್ತವ್ಯ' ಎಂದು ಫೋನಿನಲ್ಲಿ ಹೊಗಳಿಕೊಂಡು ದುಡ್ಡು ಮುಂಗಡ ತೆಗೆದುಕೊಂಡವರು ನಮ್ಮನ್ನು ಇಳಿಸಿದ್ದು ಮದುವೆ ಮಂಟಪದಂಥ ಜಾಗದಲ್ಲಿ. ನಾಲ್ಕೂ ಮೂಲೆಗೆ ಫ್ಲಡ್‌ಲೈಟು, ರಾಫ್ಟಿಂಗ್‌ಗೆ ಬಂದವರ ಡಿಜೆ. ನಾವು ಹೋದದ್ದು ರಾತ್ರಿ ಬಿಳಿ ಬಟ್ಟೆ ಕಟ್ಟಿ, ಅದರ ಮುಂದೆ ದೀಪ ಹಚ್ಚಿ, ಬೆಳಕಿಗೆ ಬಂದು ಕೂರುವ ಪತಂಗ ನೋಡಲು. ಅದಕ್ಕೆ ಸುತ್ತ ಕತ್ತಲೆ ಬೇಕು ಎಂದರೆ ಮ್ಯಾನೇಜರ್ ನಕ್ಕ. ದುಡ್ಡು ವಾಪಸ್ ಕೇಳಿದಾಗ ನಗಲಿಲ್ಲ, ಕೊಡಲೂ ಇಲ್ಲ. ಸುತ್ತ ಅಷ್ಟು ಬೆಳಕಿದ್ದರೆ ಪತಂಗಗಳು ಚದುರಿಹೋಗುತ್ತವೆ, ನೀವು ಕಟ್ಟಿದ ಬಟ್ಟೆಗೆ ನಾಲ್ಕು ಜೀರುಂಡೆ ಬಿಟ್ಟರೆ ಏನೂ ಬರುವುದಿಲ್ಲ. ಶನಿವಾರ, ಭಾನುವಾರ ಈ ಕಡೆ ತಲೆ ಹಾಕಬೇಡಿ.

ಹಕ್ಕಿಗಳ ವಿಷಯದಲ್ಲಿ ದೂರಿಲ್ಲ. ಮಾರ್ಚಿನಲ್ಲಿ ಬೆಳಗಿಗಿಂತ ಮಧ್ಯಾಹ್ನ ಮೂರರ ಮೇಲೆ ನೀರಿನ ತೊಟ್ಟಿಗಳ ಹತ್ತಿರ ಕೂರುವುದು ಲಾಭ. ಸೆಖೆಗೆ ಹಕ್ಕಿಗಳು ಸ್ನಾನಕ್ಕೆ ತಾವಾಗಿಯೇ ಬರುತ್ತವೆ. ಕೆಂಪು ಕೊರಳಿನ ಪಿಕಳಾರಗಳು ಗುಂಪಾಗಿ ಇಳಿದು ನೀರೆರಚಾಡುತ್ತವೆ. ಕಿತ್ತಳೆ ತಲೆಯ ಥ್ರಶ್ ಒಂದೇ ಬಂದು, ಅವು ಹೋಗುವ ತನಕ ಪೊದೆಯ ಬುಡದಲ್ಲೇ ಕಾಯುತ್ತದೆ. ಮಂಗಟ್ಟೆಗೆ (ಹಾರ್ನ್‌ಬಿಲ್) ದಾಂಡೇಲಿಯ ಟಿಂಬರ್ ಡಿಪೋ ಕಡೆ ಹೋಗಿ. ಈ ತಿಂಗಳುಗಳಲ್ಲಿ ಹೆಣ್ಣು ಪೊಟರೆಯೊಳಗೆ ಬಾಗಿಲು ಮುಚ್ಚಿಕೊಂಡಿರುತ್ತದೆ, ಸಣ್ಣ ಸೀಳಿನಿಂದ ಹಣ್ಣು ಕೊಡುವುದು ಗಂಡಿನ ಕೆಲಸ. ಗೂಡಿನ ಮರ ತೋರಿಸುತ್ತೇನೆ ಎಂದು ಯಾರಾದರೂ ದುಡ್ಡು ಕೇಳಿದರೆ ಬೇಡ ಅನ್ನಿ. ಕೆಳಗೆ ಜನ ನಿಂತಿದ್ದರೆ ಗಂಡು ಹತ್ತಿರ ಬರಲು ಹಿಂಜರಿಯುತ್ತದೆ, ಒಳಗಿದ್ದವರು ಉಪವಾಸ.

ಊಟಕ್ಕೆ ದಾಂಡೇಲಿ ಪೇಟೆಯ ಖಾನಾವಳಿಗಳೇ ಸರಿ. ನಾವು ಹೋದದ್ದಕ್ಕೆ ಬೋರ್ಡೂ ಇರಲಿಲ್ಲ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕಿಕಾಳು ಪಲ್ಯ, ಶೇಂಗಾ ಚಟ್ನಿ, ಮೇಲೆ ಗಟ್ಟಿ ಮೊಸರು. ತಟ್ಟೆ ಖಾಲಿ ಆಗುವ ಮೊದಲೇ 'ಇನ್ನೊಂದ ರೊಟ್ಟಿ ಹಾಕ್ಕೊರಿ ಅಣ್ಣಾರ, ನಾಚಬ್ಯಾಡ್ರಿ' ಅಂತ ಅಕ್ಕ ಹಾಕಿಯೇ ಬಿಟ್ಟಳು. ರೊಟ್ಟಿಗೆ ಲೆಕ್ಕ ಇಟ್ಟಂತೆ ಕಾಣಲಿಲ್ಲ. ರೆಸಾರ್ಟಿನಲ್ಲಿ ಒಂದು ಪ್ಲೇಟು ಪನೀರಿಗೆ ಕೊಟ್ಟ ದುಡ್ಡಿನಲ್ಲಿ ಇಲ್ಲಿ ನಾವೆಲ್ಲ ಹೊಟ್ಟೆ ಬಿರಿಯ ಉಂಡೆವು.

ಆಮೇಲೆ ಸಿಕ್ಕ ಹೋಮ್‌ಸ್ಟೇಯಲ್ಲಿ ಪತಂಗದ ಕೆಲಸ ಕೈಗೂಡಿತು. ಮೀಸಲು ಕಾಡಿನೊಳಗೆ ರಾತ್ರಿ ಹೋಗುವಂತಿಲ್ಲ, ಹಿತ್ತಿಲೇ ಸಾಕು. ಅಮಾವಾಸ್ಯೆಯ ಆಸುಪಾಸು ನೋಡಿಕೊಳ್ಳಿ. ಯುಗಾದಿಯ ಹಿಂದಿನ ದಿನ ಹೇಗೂ ಅಮಾವಾಸ್ಯೆಯೇ. 'ಅಮಾಸಿ ರಾತ್ರಿ ಬಿಳಿ ಬಟ್ಟಿ ಯಾಕ್ ಕಟ್ಟೀರಿ?' ಅಂತ ಮನೆಯ ಅಜ್ಜ ಗೊಣಗಿದರು. ಹತ್ತು ಗಂಟೆಗೆ ಚಂದ್ರ ಪತಂಗ ಬಂದು ಕೂತಾಗ ಅವರೇ ಕುರ್ಚಿ ತಂದು ಹಾಕಿಕೊಂಡರು. ತಿಳಿಹಸಿರು ರೆಕ್ಕೆ, ಹಿಂದೆ ಉದ್ದ ಬಾಲ, ರೆಕ್ಕೆಗೊಂದು ಕಣ್ಣಿನ ಚುಕ್ಕೆ, ಮುಂದಿನ ಅಂಚಿಗೆ ಕಂದುಗೆಂಪು ಗೆರೆ. ಇದಕ್ಕೆ ತಿನ್ನುವ ಬಾಯೇ ಇಲ್ಲ. ಹುಳುವಾಗಿದ್ದಾಗ ತಿಂದದ್ದರ ಮೇಲೆ ಒಂದು ವಾರದಷ್ಟು ಬದುಕುತ್ತದೆ ಎಂದಾಗ ಅಜ್ಜ ನಂಬಲಿಲ್ಲ.

ಬೆಳಗಾಗುವ ಮೊದಲೇ ದೀಪ ಆರಿಸಿ, ಬಟ್ಟೆ ಮೆಲ್ಲಗೆ ಕೊಡವಿ ಪತಂಗಗಳನ್ನು ಪೊದೆಗೆ ಬಿಡಿ. ಇಲ್ಲವಾದರೆ ಭೀಮರಾಜ, ಪಿಕಳಾರಗಳು ಬಂದು ಬಟ್ಟೆಯ ಮೇಲಿಂದಲೇ ತಿಂಡಿ ಮುಗಿಸುತ್ತವೆ. ಫೋಟೊಗೆ ಒಳ್ಳೆಯದು ಅಂತ ಹಾಗೇ ಬಿಡುವವರೂ ಇದ್ದಾರೆ, ನನಗೆ ಅದು ಸರಿಕಾಣಲಿಲ್ಲ.

ಒಯ್ಯಬೇಕಾದ್ದು: 160 ವ್ಯಾಟಿನ ಮರ್ಕ್ಯುರಿ ಬಲ್ಬು, ಪಿಂಗಾಣಿ ಹೋಲ್ಡರು (ಪ್ಲಾಸ್ಟಿಕ್ಕಿನದು ಕಾವಿಗೆ ಮೆತ್ತಗಾಗುತ್ತದೆ), ಉದ್ದ ವೈರು, ಹಳೇ ಬಿಳಿ ಪಂಚೆ, ಕಿವಿ ಮುಚ್ಚುವ ಟೋಪಿ. ಟೋಪಿ ಯಾಕೆಂದರೆ ಬೆಳಕಿಗೆ ಬರುವ ಸಣ್ಣ ಜೀರುಂಡೆಗಳು ಕಿವಿಗೂ ನುಗ್ಗುತ್ತವೆ. ಕರೆಂಟು ಹೋಗಿ ಬಂದರೆ ಈ ಬಲ್ಬು ಕೂಡಲೇ ಹತ್ತುವುದಿಲ್ಲ, ತಣಿಯಲು ಕೆಲವು ನಿಮಿಷ ಬೇಕು. ಕೆಟ್ಟಿತು ಅಂತ ಬಿಚ್ಚಲು ಹೋಗಿ ಕೈ ಸುಟ್ಟುಕೊಳ್ಳಬೇಡಿ.