ಜನಪ್ರತಿನಿಧಿಯ ಮೇಜಿಗೆ ಬರುವ ಆರೋಗ್ಯ ವರದಿ

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ವಾಕರ್ಟನ್ ಎಂಬ ಸಣ್ಣ ಊರಿದೆ. 2000ದ ಮೇ ತಿಂಗಳಲ್ಲಿ ಅಲ್ಲಿನ ಕುಡಿಯುವ ನೀರಿಗೆ ಇ. ಕೋಲಿ ಬ್ಯಾಕ್ಟೀರಿಯಾ ಸೇರಿ 7 ಮಂದಿ ಸತ್ತರು, 2,300ಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು. ನೀರಿನಲ್ಲಿ ದೋಷವಿದೆ ಎಂಬ ಪ್ರಯೋಗಾಲಯದ ಫಲಿತಾಂಶ ಕೈಯಲ್ಲಿದ್ದರೂ ಊರಿನ ನೀರು ಸರಬರಾಜು ಸಂಸ್ಥೆಯ ವ್ಯವಸ್ಥಾಪಕ ಅದನ್ನು ಆರೋಗ್ಯ ಕಚೇರಿಯಿಂದ ಮುಚ್ಚಿಟ್ಟ. ಈ ಪ್ರಕರಣದ ಬಗ್ಗೆ ಮಾತು ಬಂದಾಗಲೆಲ್ಲ ಜನ ಆ ವಂಚನೆಯನ್ನೇ ನೆನೆಯುತ್ತಾರೆ. ಅದು ಸಹಜವೂ ಹೌದು. ನನ್ನ ಗಮನ ಹೋಗುವುದು ನ್ಯಾಯಮೂರ್ತಿ ಡೆನಿಸ್ ಒ'ಕಾನರ್ ನಡೆಸಿದ ವಿಚಾರಣೆಯ ವರದಿಯಲ್ಲಿರುವ ಮತ್ತೊಂದು, ಅಷ್ಟಾಗಿ ಸುದ್ದಿಯಾಗದ ಸಂಗತಿಯ ಕಡೆಗೆ. ದುರಂತಕ್ಕೆ ಎರಡು ವರ್ಷ ಮೊದಲೇ, 1998ರಲ್ಲಿ, ಪ್ರಾಂತ್ಯದ ಪರಿಸರ ಸಚಿವಾಲಯವು ಆ ನೀರಿನ ವ್ಯವಸ್ಥೆಯನ್ನು ತಪಾಸಣೆ ಮಾಡಿ, ನೀರಿನ ಗುಣಮಟ್ಟದ ಬಗ್ಗೆ ಆತಂಕಪಡಬೇಕಾದ ಅಂಶಗಳನ್ನು ಬರೆದು ವರದಿ ಕಳುಹಿಸಿತ್ತು. ಜನರ ಪರವಾಗಿ ಆ ಸಂಸ್ಥೆಯ ಮೇಲ್ವಿಚಾರಣೆ ನಡೆಸಬೇಕಾಗಿದ್ದ ಕಮಿಷನರುಗಳಿಗೆ ಅದು ತಲುಪಿತ್ತು. ಅವರು ವ್ಯವಸ್ಥಾಪಕನ ಮಾತನ್ನು ನಂಬಿ ಸುಮ್ಮನಾದರು. ಸ್ಥಳೀಯ ಆರೋಗ್ಯ ಕಚೇರಿಯೂ ಆ ವರದಿಯ ಬೆನ್ನು ಹತ್ತಿ ಇನ್ನಷ್ಟು ಮುತುವರ್ಜಿ ವಹಿಸಬಹುದಿತ್ತು ಎಂದು ಒ'ಕಾನರ್ ವಿಚಾರಣಾ ಆಯೋಗ ಹೇಳಿತು.

ಕಾಗದ ತಲುಪಿತ್ತು, ಸ್ವೀಕೃತಿಯೂ ಆಗಿತ್ತು. ಆದರೆ ಅದನ್ನು ಓದಿದವರಲ್ಲಿ ಯಾರಿಗೂ, ಇದರಲ್ಲಿ ನಾನು ನಿರ್ಧರಿಸಬೇಕಾದದ್ದು ಏನಿದೆ ಎಂಬುದು ಹೊಳೆದಂತೆ ಕಾಣುವುದಿಲ್ಲ. ಪ್ರಾದೇಶಿಕ ಆರೋಗ್ಯ ಸೇವೆಯೊಂದು ಚುನಾಯಿತ ಪ್ರತಿನಿಧಿಗಳಿಗೆ ಮಾಹಿತಿ ನೀಡುವ ಕೆಲಸವನ್ನು ನಾನು ಅಳೆಯುವುದು ಈ ಒಂದು ಮಾನದಂಡದಿಂದ. ಎಷ್ಟು ಪುಟ ಕಳುಹಿಸಿತು, ಎಷ್ಟು ಸಭೆಗಳಿಗೆ ಹಾಜರಾಯಿತು ಎಂಬುದು ವಾರ್ಷಿಕ ಲೆಕ್ಕಕ್ಕೆ ಸರಿ. ಸದಸ್ಯನಿಗೆ ತನ್ನ ಕೈಯಲ್ಲಿರುವ ನಿರ್ಧಾರ ಯಾವುದು, ಅದನ್ನು ಮುಂದೂಡಿದರೆ ಏನಾಗುತ್ತದೆ ಎಂಬುದು ಸ್ಪಷ್ಟವಾಯಿತೇ ಎನ್ನುವುದೇ ನಿಜವಾದ ಪ್ರಶ್ನೆ.

ಪ್ರತಿನಿಧಿಯ ಪರಿಸ್ಥಿತಿಯನ್ನೂ ಸ್ವಲ್ಪ ಊಹಿಸಿಕೊಳ್ಳಬೇಕು. ಅವರು ವೈದ್ಯರಾಗಿರಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಒಬ್ಬರು ವ್ಯಾಪಾರಿ, ಇನ್ನೊಬ್ಬರು ಶಿಕ್ಷಕಿ, ಮತ್ತೊಬ್ಬರು ವಕೀಲರು. ಒಂದೇ ಸಭೆಯ ಕಾರ್ಯಸೂಚಿಯಲ್ಲಿ ರಸ್ತೆ, ಕಟ್ಟಡ ಪರವಾನಗಿ, ತೆರಿಗೆ, ಕಸ ವಿಲೇವಾರಿ ಎಲ್ಲ ಇದ್ದು, ಅವುಗಳ ನಡುವೆ ದಡಾರ ಲಸಿಕೆಯ ವ್ಯಾಪ್ತಿ ಕುಸಿದಿರುವ ಬಗ್ಗೆ ನಲವತ್ತು ಪುಟಗಳ ಅನುಬಂಧವೊಂದು ಇರುತ್ತದೆ. ಅದನ್ನು ಹಿಂದಿನ ರಾತ್ರಿ ತಿರುವಿ ಹಾಕಿ ಬರುವ ಸದಸ್ಯರನ್ನು ನಾನು ಸೋಮಾರಿಗಳೆಂದು ಕರೆಯಲಾರೆ. ಒಳ್ಳೆಯ ಟಿಪ್ಪಣಿ ಒಂದು ಪುಟ ದಾಟುವುದಿಲ್ಲ. ಯಾವ ವಿಷಯದ ಮೇಲೆ ಯಾವ ದಿನದೊಳಗೆ ನಿರ್ಧಾರ ಬೇಕು ಎಂಬುದು ಅದರ ಮೊದಲ ವಾಕ್ಯದಲ್ಲೇ ಇರುತ್ತದೆ. ಖಚಿತವಾಗಿ ಗೊತ್ತಿರುವುದು, ಬಲವಾಗಿ ಅನುಮಾನಿಸಬಹುದಾದದ್ದು, ಇನ್ನೂ ಪರೀಕ್ಷೆಯ ಹಂತದಲ್ಲಿರುವುದು ಎಂಬ ಮೂರನ್ನು ಬೇರೆಬೇರೆಯಾಗಿಯೇ ಹೇಳುತ್ತದೆ. ಮುಂದಿರುವ ದಾರಿಗಳನ್ನು, ಏನೂ ಮಾಡದೆ ಇರುವ ದಾರಿಯನ್ನೂ ಸೇರಿಸಿ, ಖರ್ಚಿನ ಸಮೇತ ಇಡುತ್ತದೆ. ಕೊನೆಯಲ್ಲಿ ಇಲಾಖೆಯ ಸಾಮಾನ್ಯ ವಿಳಾಸದ ಬದಲು, ಪ್ರಶ್ನೆ ಇದ್ದರೆ ಉತ್ತರಿಸಬಲ್ಲ ವ್ಯಕ್ತಿಯ ನೇರ ದೂರವಾಣಿ ಸಂಖ್ಯೆ ಇರುತ್ತದೆ. ನಲವತ್ತು ಪುಟಗಳ ಅನುಬಂಧ ಬೇಡವೆಂದಲ್ಲ. ಅನುಮಾನ ಬಂದವರು ತೆರೆದು ನೋಡಲು ಅದು ಹಿಂದೆ ಇರಲೇಬೇಕು.

ಇಂಥ ಟಿಪ್ಪಣಿಗಳಲ್ಲಿ ಹೆಚ್ಚು ಎಡವಟ್ಟಾಗುವುದು ಸಣ್ಣ ಸಂಖ್ಯೆಗಳ ವಿಚಾರದಲ್ಲಿ. ಒಂದು ಚಿಕ್ಕ ವಾರ್ಡಿನಲ್ಲಿ ಒಂದು ಬಗೆಯ ಕ್ಯಾನ್ಸರ್ ಕಳೆದ ವರ್ಷ 2 ಮಂದಿಯಲ್ಲಿ, ಈ ವರ್ಷ 4 ಮಂದಿಯಲ್ಲಿ ಪತ್ತೆಯಾಯಿತೆಂದು ಇಟ್ಟುಕೊಳ್ಳಿ. ಶೇಕಡಾ 100ರಷ್ಟು ಏರಿಕೆ ಎಂದು ಬರೆದರೆ ಗಣಿತದಲ್ಲಿ ಸುಳ್ಳಿಲ್ಲ, ಆದರೆ ಆ ವಾಕ್ಯ ಸಭೆಯೊಳಗೆ ಬೆಂಕಿ ಹಚ್ಚುತ್ತದೆ. ಅಷ್ಟು ಸಣ್ಣ ಜನಸಂಖ್ಯೆಯಲ್ಲಿ ಒಂದೆರಡು ಪ್ರಕರಣಗಳ ಏರಿಳಿತ ಕೇವಲ ಆಕಸ್ಮಿಕವಾಗಿಯೂ ಆಗುತ್ತಿರುತ್ತದೆ. ಐದು ಅಥವಾ ಹತ್ತು ವರ್ಷಗಳ ಅಂಕಿಗಳನ್ನು ಒಟ್ಟುಗೂಡಿಸಿ, ವಯಸ್ಸಿನ ವ್ಯತ್ಯಾಸಕ್ಕೆ ಹೊಂದಿಸಿ, ಇಡೀ ಪ್ರದೇಶದ ದರದ ಪಕ್ಕದಲ್ಲಿಟ್ಟು ನೋಡಬೇಕು. ವೃದ್ಧರೇ ಹೆಚ್ಚಿರುವ ವಾರ್ಡಿನಲ್ಲಿ ಸಾವಿನ ಕಚ್ಚಾ (ವಯಸ್ಸಿಗೆ ಹೊಂದಿಸದ) ದರ ಹೆಚ್ಚಿರುವುದು ಅಲ್ಲಿನ ಗಾಳಿ, ನೀರು ಕೆಟ್ಟಿದೆ ಎಂಬುದಕ್ಕೆ ಸಾಕ್ಷಿಯಾಗದು. ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು: ಇಡೀ ಪ್ರದೇಶದ ಸರಾಸರಿಯನ್ನಷ್ಟೇ ತೋರಿಸಿದರೆ ನಿಜವಾಗಿ ತೊಂದರೆಯಲ್ಲಿರುವ ಎರಡು ಬೀದಿಗಳು ಅದರೊಳಗೆ ಮಾಯವಾಗುತ್ತವೆ. ಸಂಖ್ಯೆ ತೀರಾ ಕಡಿಮೆ ಇದ್ದಾಗ ರೋಗಿ ಯಾರೆಂದು ಊರಿನವರು ಗುರುತು ಹಿಡಿದುಬಿಡುತ್ತಾರಾದ್ದರಿಂದ ಕೆಲವು ಅಂಕಿಗಳನ್ನು ಪ್ರಕಟಿಸದೆ ಬಿಡುವುದೂ ಇದೆ. ಪಟ್ಟಿಯಲ್ಲಿ ಖಾಲಿ ಬಿಟ್ಟ ಆ ಚೌಕವನ್ನು ಸದಸ್ಯರು ಸೊನ್ನೆ ಎಂದು ಓದಿಕೊಳ್ಳದಂತೆ ಅಡಿಯಲ್ಲಿ ಒಂದು ಸಾಲು ಬರೆಯುವುದು ಕಷ್ಟದ ಕೆಲಸವೇನಲ್ಲ. ಆದರೂ ಬರೆಯದ ಪಟ್ಟಿಗಳೇ ಹೆಚ್ಚಾಗಿ ಕಣ್ಣಿಗೆ ಬೀಳುತ್ತವೆ.

ಆಡಳಿತ ಮಂಡಳಿಗೆ ವೈದ್ಯಾಧಿಕಾರಿ ವರದಿ ಒಪ್ಪಿಸುವ ಪದ್ಧತಿ ಹೊಸದಲ್ಲ. 1847ರಲ್ಲಿ ಲಿವರ್‌ಪೂಲ್ ನಗರವು ವಿಲಿಯಂ ಹೆನ್ರಿ ಡಂಕನ್ ಅವರನ್ನು ಆರೋಗ್ಯ ವೈದ್ಯಾಧಿಕಾರಿಯಾಗಿ ನೇಮಿಸಿಕೊಂಡಿತು. ಮರುವರ್ಷ ಲಂಡನ್ನಿನ ಸಿಟಿ ಆಡಳಿತವು ಜಾನ್ ಸೈಮನ್ ಅವರನ್ನು ಅದೇ ಹುದ್ದೆಗೆ ತೆಗೆದುಕೊಂಡಿತು. ಸೈಮನ್ ತಮ್ಮ ವಾರ್ಷಿಕ ವರದಿಗಳಲ್ಲಿ ಚರಂಡಿ, ನೀರು, ಇಕ್ಕಟ್ಟಾದ ವಸತಿಗಳ ಸ್ಥಿತಿಯನ್ನು ಮುಲಾಜಿಲ್ಲದೆ ಬರೆದರು, ಮತ್ತು ಆ ವರದಿಗಳು ದಿ ಟೈಮ್ಸ್ ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದವು. ಹೀಗಾಗಿ ಸದಸ್ಯರು ಓದುವ ಮಾತನ್ನೇ ಅವರನ್ನು ಆರಿಸಿದವರೂ ಓದುತ್ತಿದ್ದರು. ಇದು ಚತುರ ನಡೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಸದಸ್ಯರಿಗಿಂತ ಮೊದಲು ಪತ್ರಿಕೆಗೆ ಸುದ್ದಿ ಹೋದರೆ ಅದು ಬೆಂಬಲವಾಗದೆ ಒತ್ತಡವಾಗುತ್ತದೆ. ಇಂದಿನ ಸೇವೆಗಳು ವರದಿ ಪ್ರಕಟವಾಗುವ ಒಂದೆರಡು ದಿನ ಮೊದಲು ಸದಸ್ಯರಿಗೆ ಅದನ್ನು ವಿವರಿಸುವುದು ಒಳ್ಳೆಯ ರೂಢಿ. ಮುಜುಗರ ತರುವ ಸಾಲುಗಳನ್ನು ಅಳಿಸಲು ಆ ದಿನಗಳನ್ನು ಬಳಸಿಕೊಳ್ಳದಂತೆ ನೋಡಿಕೊಂಡರೆ ಸಾಕು.

ಅಳಿಸುವ ಆಸೆಗೆ ಕಾನೂನಿನಲ್ಲೇ ತಡೆಯೊಡ್ಡಿರುವ ಕಡೆಗಳಿವೆ. ಇಂಗ್ಲೆಂಡಿನಲ್ಲಿ 2012ರ ಕಾಯಿದೆಯಂತೆ 2013ರ ಏಪ್ರಿಲ್ 1ರಿಂದ ಸಾರ್ವಜನಿಕ ಆರೋಗ್ಯದ ಹೊಣೆಯ ದೊಡ್ಡ ಪಾಲು ಸ್ಥಳೀಯ ಮಂಡಳಿಗಳಿಗೆ ಮರಳಿತು. ಅಲ್ಲಿನ ಸಾರ್ವಜನಿಕ ಆರೋಗ್ಯ ನಿರ್ದೇಶಕರು ಪ್ರತಿವರ್ಷ ಜನರ ಆರೋಗ್ಯದ ಬಗ್ಗೆ ವರದಿ ಸಿದ್ಧಪಡಿಸಲೇಬೇಕು, ಮಂಡಳಿ ಅದನ್ನು ಪ್ರಕಟಿಸಲೇಬೇಕು. ಒಂಟಾರಿಯೊದಲ್ಲಿ ಆರೋಗ್ಯ ಮಂಡಳಿಯು ತನ್ನ ವೈದ್ಯಾಧಿಕಾರಿಯನ್ನು ವಜಾ ಮಾಡಬೇಕಾದರೆ ಸದಸ್ಯರಲ್ಲಿ ಮೂರನೇ ಎರಡರಷ್ಟು ಮಂದಿಯ ಮತ, ಜೊತೆಗೆ ಸಚಿವರ ಲಿಖಿತ ಒಪ್ಪಿಗೆ ಎರಡೂ ಬೇಕು. ಕೆಲಸ ಹೋಗುವ ಭಯದಲ್ಲಿ ಬರೆದ ಸಲಹೆಯಿಂದ ಅತಿ ಹೆಚ್ಚು ನಷ್ಟವಾಗುವುದು ಅದನ್ನು ನಂಬಿ ಕೈ ಎತ್ತಿದ ಸದಸ್ಯನಿಗೇ ಆದ್ದರಿಂದ, ಈ ರಕ್ಷಣೆ ಅಧಿಕಾರಿಗಿಂತ ಹೆಚ್ಚಾಗಿ ಪ್ರತಿನಿಧಿಗೇ ಉಪಕಾರಿ ಎಂಬುದು ನನ್ನ ಅಭಿಪ್ರಾಯ.

ಸಮಯ ಇಲ್ಲದಿದ್ದಾಗ ಟಿಪ್ಪಣಿಯ ಮಾತೇ ಬೇರೆ. ಅಮೆರಿಕದ ಮಿಲ್ವಾಕಿ ನಗರದಲ್ಲಿ 1993ರ ಏಪ್ರಿಲ್ 5ರಂದು, ಹೊಟ್ಟೆ ಕೆಟ್ಟವರ ಸಂಖ್ಯೆ ಇದ್ದಕ್ಕಿದ್ದಂತೆ ಏರಿದೆ ಎಂದು ನಗರದ ಆರೋಗ್ಯ ಇಲಾಖೆ ರಾಜ್ಯದ ಆರೋಗ್ಯಾಧಿಕಾರಿಗಳ ಗಮನಕ್ಕೆ ತಂದಿತು. 7ರಂದು ಪ್ರಯೋಗಾಲಯಗಳು ಕೆಲವೇ ರೋಗಿಗಳ ಮಲದಲ್ಲಿ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರೋಪಜೀವಿಯನ್ನು ಗುರುತಿಸಿದವು. ಅದೇ ದಿನ ಸಂಜೆ, ನೀರನ್ನು ಕಾಯಿಸಿ ಕುಡಿಯಬೇಕೆಂಬ ಸೂಚನೆ ಇಡೀ ನಗರಕ್ಕೆ ಹೊರಟಿತು. ಆ ಹೊತ್ತಿನಲ್ಲಿ ಕೈಯಲ್ಲಿದ್ದದ್ದು ಕೆಲವು ರೋಗಿಗಳ ಫಲಿತಾಂಶ, ನೀರು ಶುದ್ಧೀಕರಣ ಘಟಕದಲ್ಲಿ ನೀರು ಎಂದಿಗಿಂತ ಹೆಚ್ಚು ಕಲಕಿದ್ದ ದಾಖಲೆ, ಮತ್ತು ಊರೆಲ್ಲ ಹಬ್ಬಿದ್ದ ಭೇದಿ. ಒಟ್ಟು 4,03,000 ಮಂದಿಗೆ ಕಾಯಿಲೆ ಬಂದಿತ್ತೆಂಬ ಅಂದಾಜು ಬಂದದ್ದು ಆಮೇಲೆ. ಖಚಿತವಾಗುವವರೆಗೆ ಕಾಯೋಣ ಎಂದಿದ್ದರೆ ಎಷ್ಟು ದಿನ ಹೋಗುತ್ತಿತ್ತೋ ಹೇಳುವುದು ಕಷ್ಟ. ಇಂಥ ಸಂದರ್ಭದಲ್ಲಿ ಮೇಯರಿಗೆ ಬೇಕಾದದ್ದು, ಇಷ್ಟು ಗೊತ್ತಿದೆ, ಇಷ್ಟು ಗೊತ್ತಿಲ್ಲ, ಆದರೂ ಈಗಲೇ ಸೂಚನೆ ಕೊಡಬೇಕೆಂಬುದು ನಮ್ಮ ಸಲಹೆ ಎಂಬ ಮೂರು ವಾಕ್ಯಗಳು. ಆ ಮೂರು ವಾಕ್ಯಗಳನ್ನು ದೂರವಾಣಿಯಲ್ಲಿ ಹೇಳಿದಾಗ ಆ ಕಡೆಯವರು ನಂಬಬೇಕಾದರೆ, ಹೇಳುವವರ ದನಿ ಅವರಿಗೆ ಮೊದಲೇ ಪರಿಚಯವಿರಬೇಕು. ಆದ್ದರಿಂದಲೇ ಚುನಾವಣೆ ಮುಗಿದ ಕೂಡಲೇ ಹೊಸ ಸದಸ್ಯರನ್ನು ಕರೆದು, ತುರ್ತಿನಲ್ಲಿ ಆದೇಶ ಹೊರಡಿಸುವ ಅಧಿಕಾರ ಯಾರಿಗಿದೆ, ಪತ್ರಕರ್ತರ ಮುಂದೆ ಮಾತನಾಡುವವರು ಯಾರು, ಸದಸ್ಯರು ತಮ್ಮ ಕ್ಷೇತ್ರದಲ್ಲಿ ಏನು ಹೇಳಬಹುದು ಎಂಬುದನ್ನು ಒಂದು ಮಧ್ಯಾಹ್ನ ಕೂತು ವಿವರಿಸುವುದಕ್ಕೆ ಇಷ್ಟು ಬೆಲೆ.

ತುರ್ತಿಲ್ಲದ, ಆದರೆ ಅಭಿಪ್ರಾಯಗಳು ಕದಲದ ವಿಷಯಗಳು ಇನ್ನೊಂದು ಬಗೆಯವು. ಕೆನಡಾದ ಕ್ಯಾಲ್ಗರಿ ನಗರಸಭೆಯು ಹಲ್ಲು ಹುಳುಕಾಗದಿರಲೆಂದು ಕುಡಿಯುವ ನೀರಿಗೆ ಫ್ಲೋರೈಡ್ ಬೆರೆಸುವುದನ್ನು 2011ರಲ್ಲಿ ನಿಲ್ಲಿಸಿತು. ಯಂತ್ರೋಪಕರಣಗಳ ಖರ್ಚಿನ ಮಾತು ಒಂದು ಕಡೆ, ಜನರನ್ನು ಕೇಳದೆ ನೀರಿಗೆ ಏನನ್ನಾದರೂ ಬೆರೆಸಬಹುದೇ ಎಂಬ ತಕರಾರು ಇನ್ನೊಂದು ಕಡೆ. ಫ್ಲೋರೈಡ್ ಮುಂದುವರಿಸಿದ ಎಡ್ಮಂಟನ್ ನಗರದ ಮಕ್ಕಳೊಂದಿಗೆ ಹೋಲಿಸಿದ ಅಧ್ಯಯನದಲ್ಲಿ, 2018-19ರ ಹೊತ್ತಿಗೆ ಹಾಲುಹಲ್ಲಿನಲ್ಲಿ ಹುಳುಕಿದ್ದ ಎರಡನೇ ತರಗತಿಯ ಮಕ್ಕಳು ಕ್ಯಾಲ್ಗರಿಯಲ್ಲಿ ಸುಮಾರು ಶೇ. 65, ಎಡ್ಮಂಟನ್‌ನಲ್ಲಿ ಸುಮಾರು ಶೇ. 55 ಎಂದು ಕಂಡುಬಂತು. 2021ರ ಜನಮತಗಣನೆಯಲ್ಲಿ ಬಹುಮತ ಫ್ಲೋರೈಡ್ ಪರವಾಗಿ ಬಂತು. 2025ರಲ್ಲಿ ಅದನ್ನು ಮತ್ತೆ ಬೆರೆಸತೊಡಗಿದರು. ಸಾಕ್ಷ್ಯ ಏನು ಹೇಳುತ್ತದೆ ಎಂಬುದನ್ನು ಆರೋಗ್ಯ ಸೇವೆ ಸ್ಪಷ್ಟವಾಗಿ, ಬೇಕಾದರೆ ಪದೇಪದೇ ಹೇಳಬೇಕು. ಖರ್ಚು, ಸಮ್ಮತಿ, ಆದ್ಯತೆಗಳನ್ನು ತೂಗಿ ನೋಡುವ ಹಕ್ಕು ಚುನಾಯಿತರದ್ದು, ಅದರ ಫಲಕ್ಕೆ ಉತ್ತರ ಹೇಳಬೇಕಾದವರೂ ಅವರೇ. ಸಲಹೆ ತಿರಸ್ಕೃತವಾಯಿತೆಂದು ಮುನಿಸಿಕೊಂಡು ಕೂರದೆ, ನಿರ್ಧಾರದ ಪರಿಣಾಮವನ್ನು ಅಳೆಯುತ್ತಾ ಹೋದರೆ, ಪ್ರಶ್ನೆ ಮರಳಿ ಬಂದಾಗ ಮೇಜಿನ ಮೇಲೆ ಇಡಲು ಸ್ವಂತ ಊರಿನ ಅಂಕಿಯೇ ಇರುತ್ತದೆ. ಕ್ಯಾಲ್ಗರಿಯಲ್ಲಿ ಹೀಗೆ ಅಳೆದವರು ವಿಶ್ವವಿದ್ಯಾಲಯದ ಸಂಶೋಧಕರು.

ಕೊಟ್ಟ ಮಾಹಿತಿ ಎಲ್ಲ ಪಕ್ಷದವರಿಗೂ ಒಂದೇ ಆಗಿರಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿರೋಧ ಪಕ್ಷದ ಸದಸ್ಯರೊಬ್ಬರು ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಉಳಿದವರೂ ನೋಡುವಂತೆ ಇಡುವ ಪದ್ಧತಿ ಇದ್ದರೆ ಅರ್ಧ ಅನುಮಾನಗಳು ತಾವಾಗಿಯೇ ತಣಿಯುತ್ತವೆ.

ಇನ್ನು ದಿನನಿತ್ಯದ ಕೆಲಸ. ಮತದಾರರೊಬ್ಬರು ತಮ್ಮ ತಾಯಿಗೆ ಶಸ್ತ್ರಚಿಕಿತ್ಸೆಯ ದಿನಾಂಕ ಸಿಗುತ್ತಿಲ್ಲವೆಂದು ಸದಸ್ಯರ ಬಳಿ ಹೇಳಿಕೊಳ್ಳುತ್ತಾರೆ, ಸದಸ್ಯರು ಆರೋಗ್ಯ ಸೇವೆಗೆ ಫೋನ್ ಮಾಡುತ್ತಾರೆ. ರೋಗಿಯ ಲಿಖಿತ ಒಪ್ಪಿಗೆ ಇಲ್ಲದೆ ಆಕೆಯ ವಿವರಗಳನ್ನು ಸದಸ್ಯರಿಗೆ ಕೊಡುವಂತಿಲ್ಲ. ಫೋನ್ ಬಂತೆಂದು ಸರದಿಯಲ್ಲಿ ಆಕೆಯನ್ನು ಮುಂದಕ್ಕೆ ತರುವಂತೆಯೂ ಇಲ್ಲ. ಸರದಿ ಹೇಗೆ ನಿರ್ಧಾರವಾಗುತ್ತದೆ, ದೂರು ಎಲ್ಲಿ ಸಲ್ಲಿಸಬೇಕು, ಉತ್ತರ ಎಷ್ಟು ದಿನದಲ್ಲಿ ಬರುತ್ತದೆ ಎಂಬುದನ್ನು ಹೇಳಬಹುದು, ಹೇಳಲೇಬೇಕು. ಈ ಕರೆಗಳನ್ನು ಕಾಟವೆಂದು ನೋಡುವ ಕಚೇರಿಗಳು ಒಂದು ಲಾಭವನ್ನು ಕಳೆದುಕೊಳ್ಳುತ್ತಿವೆ. ಮಿಲ್ವಾಕಿಯಲ್ಲಿ ಮೊದಲು ಎದ್ದು ಕಂಡ ಲಕ್ಷಣಗಳಲ್ಲಿ ಒಂದು, ಆಸ್ಪತ್ರೆ ಸಿಬ್ಬಂದಿ, ವಿದ್ಯಾರ್ಥಿಗಳು ಮತ್ತು ಶಿಕ್ಷಕರು ದೊಡ್ಡ ಸಂಖ್ಯೆಯಲ್ಲಿ ಗೈರುಹಾಜರಾದದ್ದು. ಇಂಥ ಸುದ್ದಿ ಪ್ರಯೋಗಾಲಯದ ದಾಖಲೆಗೆ ಏರುವ ಮೊದಲೇ ಕ್ಷೇತ್ರದಲ್ಲಿ ಓಡಾಡುವವರ ಕಿವಿಗೆ ಬೀಳುತ್ತದೆ. ನಲ್ಲಿ ನೀರು ವಾಸನೆ ಬರುತ್ತಿದೆ, ಶಾಲೆಯಲ್ಲಿ ಮಕ್ಕಳು ಅರ್ಧಕ್ಕರ್ಧ ಬಂದಿಲ್ಲ ಎಂದು ಸದಸ್ಯರಿಂದ ಬಂದ ಪ್ರತಿ ಕರೆಯನ್ನೂ ದಿನಾಂಕ, ಬೀದಿಯ ಹೆಸರಿನೊಂದಿಗೆ ಬರೆದಿಟ್ಟು, ಅದೇ ದಿನ ಸಾಂಕ್ರಾಮಿಕ ರೋಗಗಳ ವಿಭಾಗಕ್ಕೆ ಕಳುಹಿಸುವ ಏರ್ಪಾಟಿಗೆ ಹೊಸ ಅನುದಾನವೇನೂ ಬೇಕಾಗುವುದಿಲ್ಲ.