ಹೃದಯಬಡಿತದ ಪರದೆ ಮತ್ತು ನನ್ನ ತಪ್ಪು

ಬಾಗಲಕೋಟೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ನನ್ನ ಬಳಿಗೆ ಗುಳೇದಗುಡ್ಡದ ಕಡೆಯ ನೇಕಾರ ಮಹಿಳೆಯೊಬ್ಬರು (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ) ಬಲಗಾಲಿನ ಶಕ್ತಿ ಹೋಗಿದೆಯೆಂದು ಬಂದಿದ್ದರು. ಎಂಆರ್‌ಐಯಲ್ಲಿ ದೋಷವಿರಲಿಲ್ಲ. ನರರೋಗ ತಜ್ಞರು ಇದನ್ನು ಫಂಕ್ಷನಲ್ ನರ ಸಮಸ್ಯೆಯೆಂದು ಗುರುತಿಸಿದ್ದರು. ಅಂದರೆ ನರಮಂಡಲದ ರಚನೆ ಸರಿಯಿದ್ದು, ಅದು ಕೆಲಸ ಮಾಡುವ ಹದ ತಪ್ಪಿದೆ.

"ಹಂಗಾರ ನಾ ನಾಟಕ ಮಾಡಾಕತ್ತೀನೇನ್ರಿ ಸರ?" ಎಂದು ಅವರು ಕೇಳಿದರು. ಬಲಗಾಲಿನ ಹಿಮ್ಮಡಿಯನ್ನು ಹಾಸಿಗೆಗೆ ಒತ್ತಲು ಹೇಳಿದಾಗ ಒತ್ತಲಾಗದವರು, ಎಡಗಾಲನ್ನು ನನ್ನ ಕೈಗೆ ಎದುರಾಗಿ ಎತ್ತುವಾಗ ಅದೇ ಹಿಮ್ಮಡಿಯನ್ನು ತಮಗರಿವಿಲ್ಲದೆ ಗಟ್ಟಿಯಾಗಿ ಒತ್ತಿದರು. 1908ರಲ್ಲಿ ವೈದ್ಯ ಹೂವರ್ ವಿವರಿಸಿದ ಈ ಲಕ್ಷಣವನ್ನು ಅವರ ಅತ್ತೆಯ ಎದುರಿಗೇ ತೋರಿಸಿ, ಇದು ನಾಟಕವಲ್ಲ, ಮಿದುಳಿನಿಂದ ಕಾಲಿಗೆ ಹೋಗುವ ದಾರಿ ತುಂಡಾಗಿಲ್ಲ, ಕಾಲಿನ ಮೇಲೆ ಗಮನ ನೆಟ್ಟಾಗ ಮಾತ್ರ ಕಟ್ಟಿಕೊಳ್ಳುತ್ತಿದೆ ಎಂದು ವಿವರಿಸಿದೆ.

ಎದೆ ಡವಡವ ಎನ್ನುತ್ತದೆಂಬ ದೂರೂ ಇದ್ದುದರಿಂದ ಹೃದಯಬಡಿತದ ಬಯೋಫೀಡ್‌ಬ್ಯಾಕ್ (ಬಡಿತವನ್ನು ಯಂತ್ರದಲ್ಲಿ ಗಮನಿಸುತ್ತ ಉಸಿರಿನಿಂದ ಅದನ್ನು ಹದಗೊಳಿಸುವ ಅಭ್ಯಾಸ) ಆರಂಭಿಸಿದೆವು. ಉಸಿರು ಒಳಗೆಳೆದಾಗ ಬಡಿತ ತುಸು ವೇಗವಾಗುತ್ತದೆ, ಹೊರಬಿಟ್ಟಾಗ ನಿಧಾನವಾಗುತ್ತದೆ. ನಿಮಿಷಕ್ಕೆ ಸುಮಾರು 6 ಉಸಿರಿನ ಲಯದಲ್ಲಿ ರಕ್ತದೊತ್ತಡವನ್ನು ಹತೋಟಿಯಲ್ಲಿಡುವ ವ್ಯವಸ್ಥೆಯೂ ಜೊತೆಗೂಡುವುದರಿಂದ ಈ ಏರಿಳಿತ ಹೆಚ್ಚುತ್ತದೆ. ಕಿವಿಗೆ ಸಿಕ್ಕಿಸಿದ ಕ್ಲಿಪ್ಪಿನಿಂದ ಅದು ಪರದೆಯ ಮೇಲೆ ಅಲೆಯಾಗಿ ಕಾಣುತ್ತದೆ.

ನಾನು ಎಡವಿದ್ದು ಇಲ್ಲಿಯೇ. ಪರದೆಯನ್ನು ಅವರ ಕಡೆಗೆ ತಿರುಗಿಸಿ, "ಅಲೆಯನ್ನು ದೊಡ್ಡದು ಮಾಡ್ರಿ, ಉದ್ದಕ ಉಸಿರು ಎಳೀರಿ" ಎಂದೆ. ಅವರು ಶಾಲೆಯ ಪರೀಕ್ಷೆ ಬರೆಯುವವರಂತೆ ಶ್ರಮಪಟ್ಟು ಗಾಳಿ ಎಳೆದರು. ಐದು ನಿಮಿಷದೊಳಗೆ ತಲೆ ತಿರುಗಿ ಬೆರಳುಗಳು ಜುಮುಗುಟ್ಟತೊಡಗಿದವು. ಅತಿಯಾಗಿ ಉಸಿರಾಡಿದರೆ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ಹೀಗಾಗುವುದು ನನಗೆ ತಿಳಿಯದ ಸಂಗತಿಯೇನಲ್ಲ. ಅದಕ್ಕಿಂತ ನಾಚಿಕೆಯಾದದ್ದು ಬೇರೆ: ಗಮನ ಹೆಚ್ಚಾದಷ್ಟೂ ಬಿಗಡಾಯಿಸುವ ಕಾಯಿಲೆಗೆ ದಿಟ್ಟಿಸಿ ನೋಡಲು ಇನ್ನೊಂದು ವಸ್ತುವನ್ನು ನಾನೇ ಒದಗಿಸಿದ್ದೆ.

ಮುಂದಿನ ಭೇಟಿಯಲ್ಲಿ ಪರದೆಯನ್ನು ನನ್ನ ಕಡೆಗೆ ತಿರುಗಿಸಿಕೊಂಡು, ಸಹಜವಾದಷ್ಟೇ ಗಾಳಿಯನ್ನು 4 ಸೆಕೆಂಡು ಎಳೆದು 6 ಸೆಕೆಂಡು ಬಿಡಲು ಹೇಳಿದೆ. ಲಾಳಿ ಓಡಿಸುವ ಕೈಯವರಿಗೆ ಲಯವನ್ನು ಕಲಿಸಬೇಕಾಗಲಿಲ್ಲ. ಆದರೆ ಕಾಲು ಸುಧಾರಿಸಿದ್ದು ಇದೊಂದರಿಂದಲ್ಲ. ಹಿಮ್ಮುಖವಾಗಿ, ಪಕ್ಕಕ್ಕೆ ನಡೆಸಿದ ಅಭ್ಯಾಸದ ಪಾಲೇ ದೊಡ್ಡದೆಂದು ನನ್ನ ಅಂದಾಜು. ಈ ಕಾಯಿಲೆಯಲ್ಲಿ ಬಯೋಫೀಡ್‌ಬ್ಯಾಕ್ ಕುರಿತ ಅಧ್ಯಯನಗಳು ಇನ್ನೂ ಚಿಕ್ಕವಾಗಿರುವುದರಿಂದ ಅದನ್ನು ಊರುಗೋಲಿನಂತೆ ಬಳಸುತ್ತೇನೆ.

ಈಗ ಮೊದಲೆರಡು ಭೇಟಿಗಳಲ್ಲಿ ಯಾರಿಗೂ ಅಲೆಯನ್ನು ತೋರಿಸುವುದಿಲ್ಲ. ಬೆರಳು ಜುಮುಗುಟ್ಟುತ್ತಿದೆಯೇ ಎಂದಷ್ಟೇ ಕೇಳುತ್ತೇನೆ.